ಕಾಪು–ಕುವೈತ್ ಶುಕ್ರವಾರದ ಓಟ

ನಮ್ಮ ಕಾಪುವಿನಲ್ಲಿ ಒಬ್ಬ ಮನುಷ್ಯ ಓಡಬೇಕಾದರೆ ಊರಿಗೆ ಒಪ್ಪಿಗೆಯಾಗುವ ಕಾರಣ ಇರಬೇಕು. ಬಸ್ಸು ಹೊರಟಿರಬೇಕು, ನಾಯಿ ಹಿಂದೆ ಬಿದ್ದಿರಬೇಕು, ಇಲ್ಲವೇ ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳದ ಮೇಲೆ ನಾಲ್ಕು ಹನಿ ಬಿದ್ದಿರಬೇಕು. ಇದು ಯಾವುದೂ ಇಲ್ಲದೆ ಐವತ್ತು ದಾಟಿದ, ತಲೆ ಮುಕ್ಕಾಲು ಬೋಳಾದ, ಮಣಿಪಾಲದ ಒಂದು ಕಚೇರಿಯಲ್ಲಿ ಕಡತ ನೋಡುವ ಗೃಹಸ್ಥನೊಬ್ಬ ಚಡ್ಡಿ ಹಾಕಿಕೊಂಡು ಹೆದ್ದಾರಿಯ ಬದಿಯಲ್ಲಿ ಓಡಿದರೆ ಜನ ಗಾಬರಿಯಾಗುತ್ತಾರೆ. ಮೊದಲ ದಿನಗಳಲ್ಲಿ ಪ್ರತಿ ಅಂಗಡಿಯಿಂದಲೂ ಒಬ್ಬೊಬ್ಬರು ಹೊರಗೆ ಬಂದು, "ಎಂತಾಯ್ತು ಮಾರಾಯ್ರೇ? ಮನೆಯಲ್ಲಿ ಎಲ್ಲರೂ ಸೌಖ್ಯ ಅಲ್ವಾ?" ಎಂದು ಕೇಳುತ್ತಿದ್ದರು. ಆರೋಗ್ಯಕ್ಕಾಗಿ ಓಡುತ್ತಿದ್ದೇನೆ ಎಂದರೆ ಅವರ ಗಾಬರಿ ಹೆಚ್ಚಾಗುತ್ತಿತ್ತು. ಡಾಕ್ಟರು ಎಷ್ಟು ಸಮಯ ಕೊಟ್ಟಿದ್ದಾರೆ ಎಂಬ ಪ್ರಶ್ನೆ ಅವರ ಕಣ್ಣಿನಲ್ಲೇ ಕಾಣುತ್ತಿತ್ತು. ಆದ್ದರಿಂದ ನಿಜವಾದ ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಓದುಗರಿಗೆ ಹೇಳುತ್ತೇನೆ. ನಾನು ಓಡುತ್ತಿದ್ದದ್ದು ಆರೋಗ್ಯಕ್ಕಲ್ಲ, ಕುವೈತಿನಲ್ಲಿರುವ ಹಮೀದನನ್ನು ಒಮ್ಮೆಯಾದರೂ ಸೋಲಿಸುವುದಕ್ಕೆ.

ಹಮೀದ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚಿನವರು. ಅವನ ತಂದೆಗೆ ಕಾಪು ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಶಾಲೆಯ ಓಟದಲ್ಲಿ ಅವನು ಮೊದಲು ಬರುವುದು, ನಾನು ಎರಡನೆಯವನಾಗಿ ಬರುವುದು ಪ್ರಾರ್ಥನೆಯಷ್ಟೇ ಖಚಿತವಾಗಿತ್ತು. ಆಮೇಲೆ ಅವನು ಕುವೈತಿಗೆ ಹೋದ, ನಾನು ಮಣಿಪಾಲದ ಗುಡ್ಡ ಹತ್ತಿದೆ. ಇಬ್ಬರ ನಡುವೆ ಹಬ್ಬಕ್ಕೊಂದು ಶುಭಾಶಯ, ಮದುವೆಗೊಂದು ಆಮಂತ್ರಣ, ಇಷ್ಟಕ್ಕೆ ಬಂದು ನಿಂತಿತ್ತು. ಹೀಗಿರುವಾಗ ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಬಂದವನು ಒಂದೇ ಬಗೆಯ ಎರಡು ಕ್ರೀಡಾ ಗಡಿಯಾರ ತಂದ. ಒಂದು ಅವನ ಕೈಯಲ್ಲಿತ್ತು, ಇನ್ನೊಂದನ್ನು ನನ್ನ ಕೈಗೆ ಕಟ್ಟಿ, "ದೂರದಲ್ಲಿ ಕೂತು ನಿನ್ನನ್ನು ಸೋಲಿಸುವುದಕ್ಕೆ ಒಂದು ದಾರಿ ಸಿಕ್ಕಿದೆ ಮಾರಾಯ" ಎಂದ. ನಾವು ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅವನ ಬೈಗುಳಗಳ ಅರ್ಧ ರುಚಿ ಹೋಗುತ್ತದೆ, ಓದುಗರು ಕ್ಷಮಿಸಬೇಕು.

ಆ ಗಡಿಯಾರದ ಕಂಪನಿ ಒಂದು ಜಾಲತಾಣ ನಡೆಸುತ್ತಿತ್ತು. ಓಡಿ ಬಂದು ಗಡಿಯಾರದ ಗುಂಡಿ ಒತ್ತಿದರೆ ನಾವು ಓಡಿದ ದಾರಿ, ವೇಗ, ಎದೆಬಡಿತ ಎಲ್ಲವೂ ಅದರಲ್ಲಿ ಹೋಗಿ ಕುಳಿತುಕೊಳ್ಳುತ್ತಿತ್ತು. ನಾಳೆ ಎಷ್ಟು ಓಡಬೇಕು, ಯಾವ ದಿನ ಸುಮ್ಮನಿರಬೇಕು ಎಂದು ಅದೇ ತರಬೇತಿಯನ್ನೂ ಕೊಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಇಬ್ಬರು ಗೆಳೆಯರ ಓಟವನ್ನು ಅಕ್ಕಪಕ್ಕ ಇಟ್ಟು, ಗೆದ್ದವನ ಹೆಸರಿನ ಮೇಲೆ ಒಂದು ಚಿಕ್ಕ ಕಿರೀಟ ಇಡುತ್ತಿತ್ತು. ಕುವೈತಿನಲ್ಲಿ ಶುಕ್ರವಾರ ರಜೆ. ಹಾಗಾಗಿ ನಮ್ಮ ಸ್ಪರ್ಧೆಯೂ ಶುಕ್ರವಾರ ಬೆಳಗ್ಗೆ. ನಾನು ಕಾಪುವಿನ ದೀಪಸ್ತಂಭದ ಕಡೆಯಿಂದ ಎರ್ಮಾಳಿನವರೆಗೆ ಹೋಗಿ ವಾಪಸು ಓಡುವುದು, ಅವನು ಅಲ್ಲಿ ಸಮುದ್ರದ ಬದಿಯಲ್ಲಿ ಅಷ್ಟೇ ದೂರ ಓಡುವುದು. ಈ ವ್ಯವಸ್ಥೆಯಲ್ಲಿ ಒಂದು ಮಹಾ ಅನ್ಯಾಯ ಅಡಗಿದೆ ಎಂದು ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಸೂರ್ಯ ಮೊದಲು ಹುಟ್ಟುವುದು ನಮ್ಮಲ್ಲಿ. ನಾನು ಓಡಿ ಬಂದು ಸ್ನಾನಕ್ಕೆ ಹೊರಟಾಗ ಹಮೀದ ಅಲ್ಲಿ ಹಾಸಿಗೆಯಲ್ಲಿ ಮಲಗಿಕೊಂಡೇ ನನ್ನ ಓಟದ ಲೆಕ್ಕ ನೋಡುತ್ತಾನೆ. ಎಷ್ಟು ವೇಗವಾಗಿ ಓಡಿದರೆ ಸಾಕು ಎಂದು ಅವನಿಗೆ ಗೊತ್ತಿರುತ್ತದೆ. ನಾನು ನೀರುದೋಸೆ ತಿಂದು ಹತ್ತಿದ ಬಸ್ಸು ಕಟಪಾಡಿ ದಾಟುವಷ್ಟರಲ್ಲಿ ಗಡಿಯಾರ ಕೈಯಲ್ಲಿ ಗುರ್ರೆನ್ನುತ್ತದೆ. ಹಮೀದ ಗೆದ್ದಿದ್ದಾನೆ, ಕೆಲವೇ ಸೆಕೆಂಡುಗಳಿಂದ, ಪ್ರತಿ ವಾರವೂ. ಕೆಳಗೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರ ಮೇಲೆ ನನಗೆ ಬಂದಷ್ಟು ಸಿಟ್ಟು ಬೇರೆ ಯಾರಿಗೂ ಬಂದಿರಲಿಕ್ಕಿಲ್ಲ.

ಹೀಗೆ ಸಂತೋಷವಾಗಿ ಸೋಲುತ್ತಿರುವಾಗ ಒಂದು ದಿನ ಕಂಪನಿಯಿಂದ ಮಿಂಚಂಚೆ ಬಂತು. ಇಷ್ಟು ಕಾಲ ತಮ್ಮ ಜೊತೆ ಓಡಿದ್ದಕ್ಕೆ ಕೃತಜ್ಞತೆ, ತರಬೇತಿಯ ಜಾಲತಾಣವನ್ನು ಇಷ್ಟರಲ್ಲೇ ಮುಚ್ಚುತ್ತೇವೆ, ಬೇಕಾದವರು ತಮ್ಮ ಹಳೆಯ ಓಟಗಳನ್ನೆಲ್ಲ ಕಟ್ಟಿಕೊಂಡು ಬೇರೆಡೆಗೆ ಹೋಗಬಹುದು ಎಂದು ಬಹಳ ನಯವಾಗಿ ಬರೆದಿದ್ದರು. ಗಡಿಯಾರವು ಸಮಯ ತೋರಿಸುವುದನ್ನು ಮುಂದುವರಿಸುತ್ತದೆ ಎಂಬ ಸಮಾಧಾನವೂ ಇತ್ತು. ಮರುದಿನ ಕಚೇರಿಯಿಂದ ಇಳಿದವನು ನೇರ ಉಡುಪಿಯ ಗಡಿಯಾರದ ಅಂಗಡಿಯೊಂದಕ್ಕೆ ಹೋದೆ. ಮಾಲೀಕರು ನನ್ನ ಕೈ ಹಿಡಿದು ಗಡಿಯಾರವನ್ನು ಆಚೆ ಈಚೆ ತಿರುಗಿಸಿ ನೋಡಿದರು.

"ಇದು ಸರಿಯಾಗಿ ನಡೆಯುತ್ತಾ ಉಂಟಲ್ಲ?"

"ಗಡಿಯಾರ ನಡೆಯುತ್ತದೆ. ಜಾಲತಾಣ ನಿಲ್ಲುತ್ತದಂತೆ."

"ಬೆಲ್ಟ್ ಹೊಸದು ಹಾಕಿ ಕೊಡುವುದಾ?" ಎಂದರು ಅವರು. ಅವರ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಇರಲಿಲ್ಲ. ಹಾಕಿಸಿಕೊಂಡು ಬಂದೆ.

ಆ ದಿನ ಸಂಜೆ ಹಮೀದನೇ ಫೋನು ಮಾಡಿದ. ಎಷ್ಟೋ ಕಾಲದ ಮೇಲೆ ಅವನ ದನಿ ಕೇಳಿದ್ದು. "ನಿನಗೂ ಬಂತಾ ಕಾಗದ?" ಎಂದ. "ಬಂತು" ಎಂದೆ. ನನಗೆ ಭಯವಾಗಿದ್ದು ಕಿರೀಟ ಹೋಗುತ್ತದೆಂದಲ್ಲ, ಅದು ಹೇಗೂ ನನ್ನ ತಲೆಯ ಮೇಲೆ ಇರಲಿಲ್ಲ. ಶುಕ್ರವಾರದ ಆ ಹೆಬ್ಬೆರಳು ಬರುವುದು ನಿಂತರೆ ಹಮೀದನೂ ನಿಂತಂತೆಯೇ. ಶಾಲೆಯ ಗೆಳೆಯರಲ್ಲಿ ಬಾಕಿ ಎಲ್ಲರೂ ಹಾಗೆಯೇ ಹೋಗಿದ್ದಾರೆ. ಯಾರ ಮೇಲೂ ಕೋಪವಿಲ್ಲ, ಎಲ್ಲರ ನಂಬರೂ ಫೋನಿನಲ್ಲಿ ಉಂಟು, ಮಾತಾಡಲು ಮಾತ್ರ ಏನೂ ಇಲ್ಲ. ಇವನೂ ಆ ಸಾಲಿಗೆ ಸೇರುತ್ತಾನಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು. ಅಷ್ಟರಲ್ಲಿ ಹಮೀದ, "ಹೆದರಬೇಡ, ಬೇರೆ ಬೇಕಾದಷ್ಟು ಉಂಟು. ಇಬ್ಬರೂ ಹುಡುಕುವ, ಒಳ್ಳೆಯದು ನೋಡಿ ಒಂದಕ್ಕೇ ಸೇರುವ" ಎಂದ. ಆ ಒಂದು ಮಾತಿಗೆ ನನ್ನ ಸಂಕಟ ಹಾರಿಹೋಗಿ ಅದರ ಜಾಗದಲ್ಲಿ ಮಹಾ ಉತ್ಸಾಹ ಬಂದು ಕುಳಿತಿತು.

ಹುಡುಕಲು ಶುರು ಮಾಡಿದ ಮೇಲೆ ತಿಳಿಯಿತು, ಮನುಷ್ಯರನ್ನು ಓಡಿಸುವುದಕ್ಕೆಂದೇ ಈ ಪ್ರಪಂಚದಲ್ಲಿ ಎಷ್ಟೊಂದು ಜನ ಅಂಗಡಿ ತೆರೆದು ಕುಳಿತಿದ್ದಾರೆಂದು! ಒಂದು ನಿದ್ದೆಯನ್ನು ಅಳೆಯುತ್ತದೆ, ಒಂದು ಬೆವರನ್ನು ಅಳೆಯುತ್ತದೆ, ಒಂದು ನಮ್ಮ ಎಡಗಾಲಿಗೂ ಬಲಗಾಲಿಗೂ ಇರುವ ಭಿನ್ನಾಭಿಪ್ರಾಯವನ್ನು ಚಿತ್ರ ಬರೆದು ತೋರಿಸುತ್ತದೆ. ಎಲ್ಲವೂ ಮೊದಲ ಕೆಲವು ದಿನ ಪುಕ್ಕಟೆ. ನಾನು ಒಂದನ್ನು ಇಳಿಸಿಕೊಂಡು, ಅದರಲ್ಲಿ ನನ್ನ ಹಳೆಯ ಓಟಗಳನ್ನೆಲ್ಲ ತುಂಬಿ, ಗೆರೆಗಳು ಒಂದೊಂದಾಗಿ ಮೂಡುವುದನ್ನು ಕಣ್ಣು ಮಿಟುಕಿಸದೆ ನೋಡಿ, ಮತ್ತೊಂದನ್ನು ಇಳಿಸಿಕೊಳ್ಳುತ್ತಿದ್ದೆ. ಊಟದ ಹೊತ್ತಿಗೂ ಫೋನು ಬಟ್ಟಲಿನ ಪಕ್ಕದಲ್ಲೇ. ನನ್ನ ಹೆಂಡತಿ ಶಶಿಕಲಾ ಕೆಲವು ದಿನ ಸಹಿಸಿಕೊಂಡಳು. ಆಮೇಲೆ ಒಂದು ದಿನ ಸಾರು ಬಡಿಸುತ್ತ ಹೇಳಿದಳು: "ಉಡುಪಿಯಲ್ಲಿ ಒಂದು ಸೀರೆ ತೆಗೆಯುವಾಗ ನಾನು ನಾಲ್ಕು ಸೀರೆ ಬಿಡಿಸಿ ನೋಡಿದರೆ ನೀವು ಅಂಗಡಿಯಿಂದ ಹೊರಗೆ ಹೋಗಿ ನಿಲ್ಲುತ್ತೀರಿ. ಈಗ ಇದು ಎಷ್ಟನೆಯದು?" ನಾಲ್ಕನೆಯದು ದಾಟಿ ಬಹಳ ಮುಂದೆ ಹೋಗಿತ್ತು. ಆದರೆ ಸೀರೆಯ ಅಂಗಡಿಯ ಸುಖ ಏನೆಂದು ಆಗ ಮೊದಲ ಬಾರಿಗೆ ನನಗೆ ತಿಳಿದಿತ್ತು. ತೆಗೆದುಕೊಳ್ಳುವುದರಲ್ಲಿ ಏನೂ ಇಲ್ಲ, ಬಿಡಿಸಿ ಹಾಕುವುದರಲ್ಲೇ ಎಲ್ಲ ಇರುವುದು.

ಹಮೀದನಿಗೆ ಹಿಡಿಸಿದ್ದು ಜಾತ್ರೆಯಂಥ ಒಂದು ಆ್ಯಪ್. ಅದರಲ್ಲಿ ಪ್ರಪಂಚದವರೆಲ್ಲ ಇದ್ದಾರೆ, ಯಾರು ಓಡಿದರೂ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವನ ಒತ್ತಾಯಕ್ಕೆ ನಾನೂ ಸೇರಿದೆ. ಸೇರಿದ ಮರುದಿನವೇ ನನ್ನ ಕಚೇರಿಯವರು, ಹೆಂಡತಿಯ ದೂರದ ಸಂಬಂಧಿಕರು, ಕೊನೆಗೆ ನನ್ನ ಕೊಬ್ಬು ನೋಡಿ ತಲೆಯಲ್ಲಾಡಿಸುವ ಮಣಿಪಾಲದ ಡಾಕ್ಟರು ಕೂಡ ಅಲ್ಲಿ ಪ್ರತ್ಯಕ್ಷರಾದರು. ಭಾನುವಾರ ನಾನು ಮಲಗಿದ್ದಾಗ ಡಾಕ್ಟರು, "ಇವತ್ತು ಕಾಣಲಿಲ್ಲವಲ್ಲ?" ಎಂದು ಬರೆದರು. ದುಡ್ಡು ತೆಗೆದುಕೊಳ್ಳದೆ ಒಬ್ಬ ಡಾಕ್ಟರು ನನ್ನ ಬಗ್ಗೆ ವಿಚಾರಿಸಿದ್ದು ಅದೇ ಮೊದಲು, ಆದರೂ ಸಂತೋಷವಾಗಲಿಲ್ಲ. ಅಲ್ಲದೆ ಆ ಆ್ಯಪ್ ನಮ್ಮ ರಸ್ತೆಗಳನ್ನೆಲ್ಲ ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಅತಿ ವೇಗವಾಗಿ ಓಡಿದವನನ್ನು ರಾಜನೆಂದು ಘೋಷಿಸಿತ್ತು. ಒಂದು ದಿನ ಓಟ ಮುಗಿಸಿ ಗಡಿಯಾರ ನಿಲ್ಲಿಸಲು ಮರೆತು, ತಡವಾಯಿತೆಂದು ಹಾಗೆಯೇ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ನಮ್ಮ ಕರಾವಳಿಯ ಎಕ್ಸ್‌ಪ್ರೆಸ್ ಬಸ್ಸಿನ ಬಗ್ಗೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಅದರ ಡ್ರೈವರು ಮುಂದಿನ ನಿಲ್ದಾಣದ ಟೈಮು ಹಿಡಿಯುವುದನ್ನು ಬಿಟ್ಟು ಈ ಲೋಕದಲ್ಲಿ ಬೇರೆ ಯಾವುದಕ್ಕೂ ಆಸೆ ಪಡುವವನಲ್ಲ. ಉಡುಪಿಯಲ್ಲಿ ಇಳಿಯುವಾಗ ನಾನು ಕಟಪಾಡಿ, ಉದ್ಯಾವರಗಳ ರಾಜನಾಗಿದ್ದೆ. ಪಟ್ಟಾಭಿಷೇಕಕ್ಕೆ ಊರೂರಿನಿಂದ ಚಪ್ಪಾಳೆ ಬಂತು. ಮಧ್ಯಾಹ್ನದ ಹೊತ್ತಿಗೆ, ನಿಟ್ಟೆ ಕಾಲೇಜಿನ ಹಾಸ್ಟೆಲಿನಲ್ಲಿರುವ ಹಿಂದಿನ ರಾಜ ದೂರು ಕೊಟ್ಟು ನನ್ನನ್ನು ಇಳಿಸಿದ.

ಇನ್ನೊಂದು ಆ್ಯಪಿನಲ್ಲಿ ಕಿವಿಯೊಳಗೆ ಕುಳಿತು ಮಾತಾಡುವ ಅಮೆರಿಕದ ತರಬೇತುದಾರನಿದ್ದ. ನಾನು ನಡೆದರೂ, ನಿಂತರೂ, ಬೂಟಿನ ದಾರ ಕಟ್ಟಿದರೂ ಅವನಿಗೆ ಹರ್ಷ ತಡೆಯುತ್ತಿರಲಿಲ್ಲ. ನನ್ನನ್ನು ಹುಟ್ಟಿಸಿದವರೂ ಕಟ್ಟಿಕೊಂಡವಳೂ ಹೇಳದಷ್ಟು ಒಳ್ಳೆಯ ಮಾತುಗಳನ್ನು ಅವನು ಒಂದು ಬೆಳಗ್ಗೆ ಹೇಳಿ ಮುಗಿಸುತ್ತಿದ್ದ. ನಾನು ಉಬ್ಬಿಹೋದೆ. ಉಬ್ಬಿದವನನ್ನು ಅವನು ಗುಡ್ಡ ಹತ್ತಿಸಲು ನಿಶ್ಚಯಿಸಿದ. ಕಚೇರಿ ಬಿಟ್ಟ ಮೇಲೆ ಉಡುಪಿಯ ಕಡೆ ಇಳಿದು, ಮತ್ತೆ ಮಣಿಪಾಲಕ್ಕೆ ಓಡಿ ಹತ್ತಬೇಕು, ಪುನಃ ಇಳಿಯಬೇಕು, ಪುನಃ ಹತ್ತಬೇಕು. ಎರಡನೆಯ ಸಲ ಹತ್ತುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ಕೈಯಲ್ಲಿ ಕಾಫಿಯ ಲೋಟ ಹಿಡಿದು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ನಡೆಯುತ್ತಿದ್ದ ಕಾಲೇಜಿನ ಜೋಡಿಯೊಂದು ನನ್ನನ್ನು ದಾಟಿ ಮುಂದೆ ಹೋಯಿತು. ಆಗಲೂ ಕಿವಿಯಲ್ಲಿ ಅವನು ನನ್ನನ್ನು ಸಿಂಹ ಎಂದೇ ಕರೆಯುತ್ತಿದ್ದ. ಹೊಗಳಿಕೆಯಲ್ಲಿ ನನಗೆ ಇದ್ದ ನಂಬಿಕೆ ಆ ದಿನ ಹೋಯಿತು, ಆ ಆ್ಯಪೂ ಹೋಯಿತು.

ನನ್ನ ಮನಸ್ಸು ಗೆದ್ದದ್ದು ಕೊನೆಗೆ ಸಿಕ್ಕಿದ ಒಂದು. ಯಾವುದೋ ತಂಪು ದೇಶದಲ್ಲಿ ಯಾರೋ ಒಬ್ಬನೇ ಕೂತು ಮಾಡಿದ್ದಂತೆ. ಚಪ್ಪಾಳೆಯಿಲ್ಲ, ಸಿಂಹವಿಲ್ಲ, ಬರೀ ಗೆರೆಗಳು. ನೀಲಿ ಗೆರೆ ನನ್ನ ಶಕ್ತಿ, ಕೆಂಪು ಗೆರೆ ನನ್ನ ದಣಿವು, ಒಂದರಿಂದ ಇನ್ನೊಂದನ್ನು ಕಳೆದರೆ ಬರುವುದು ನನ್ನ ಒಟ್ಟು ಯೋಗ್ಯತೆ. "ನೋಡು ಶಶಿ, ಇವತ್ತು ನನ್ನ ಯೋಗ್ಯತೆ ಸೊನ್ನೆಗಿಂತ ಕೆಳಗೆ ಹೋಗಿದೆ!" ಎಂದು ನಾನು ಕುಣಿಯುತ್ತ ಅಡುಗೆಮನೆಗೆ ಹೋಗಿ ತೋರಿಸಿದೆ. ಅವಳು ಒಗ್ಗರಣೆಯಿಂದ ತಲೆಯೆತ್ತದೆ, "ಅದು ಗೊತ್ತಾಗಲಿಕ್ಕೆ ಆ್ಯಪ್ ಬೇಕಾಯ್ತಾ ನಿಮಗೆ?" ಎಂದಳು. ಆದರೆ ನಾನು ಕುಣಿದದ್ದು ಗೆರೆಗಳಿಗಾಗಿ ಮಾತ್ರ ಅಲ್ಲ. ಅದರಲ್ಲಿ ಒಂದು ಮೂಲೆಯಲ್ಲಿ, ಇಬ್ಬರೂ ಓಡಿ ಮುಗಿಸುವವರೆಗೆ ಒಬ್ಬನ ಓಟ ಇನ್ನೊಬ್ಬನಿಗೆ ಕಾಣದಂತೆ ಪರದೆ ಹಾಕುವ ಸೌಲಭ್ಯವಿತ್ತು! ಅದನ್ನು ಕಂಡಾಗ ನನಗೆ ಆ ತಂಪು ದೇಶದವನ ಕೈ ಹಿಡಿದು ಕುಲುಕಬೇಕೆನಿಸಿತು. ಹಮೀದ ಇನ್ನು ಹಾಸಿಗೆಯಲ್ಲಿ ಮಲಗಿ ನನ್ನ ಲೆಕ್ಕ ನೋಡುವಂತಿಲ್ಲ. ನನ್ನಂತೆಯೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಬೇಕು.

ಹಮೀದ ಒಪ್ಪಲಿಲ್ಲ. "ಅದೆಂತ ಪರದೆ? ಓಟ ಅಂದರೆ ಎದುರಿಗೆ ಓಡುವವನ ಬೆನ್ನು ಕಾಣಬೇಕು" ಎಂದ. "ನಿನಗೆ ನನ್ನ ಬೆನ್ನು ಕಾಣುತ್ತದೆ, ನನಗೆ ನಿನ್ನದು ಎಲ್ಲಿ ಕಾಣುತ್ತದೆ?" ಎಂದೆ. "ನೀನು ಅರಬಿ ಸಮುದ್ರದ ಈಚೆ ಬಂದು ಕೆಲಸಕ್ಕೆ ಸೇರು, ಆಗ ಕಾಣುತ್ತದೆ" ಎಂದ. ಹೀಗೆ ಶುರುವಾದ ಜಗಳ ದಿನಾಲೂ ನಡೆಯತೊಡಗಿತು. ಅವನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಫೋನು ಮಾಡಿ ನನ್ನ ಆ್ಯಪಿನ ಒಂದು ಹುಳುಕು ಹೇಳುವುದು, ನಾನು ಮಧ್ಯಾಹ್ನ ಕ್ಯಾಂಟೀನಿನಿಂದ ಅವನ ಆ್ಯಪಿನ ಎರಡು ಹುಳುಕು ಹೇಳುವುದು. ಹುಳುಕು ಮುಗಿದಾಗ ಬೇರೆ ಮಾತು ಬರುತ್ತಿತ್ತು. ಅವನಿಗೆ ಮಂಡಿನೋವು ಉಂಟಂತೆ, ಮಗಳು ಇಲ್ಲೇ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದಬೇಕೆಂದು ಹಟ ಹಿಡಿದಿದ್ದಾಳಂತೆ, ಅಲ್ಲಿಯ ಮೀನು ಎಷ್ಟು ವರ್ಷ ತಿಂದರೂ ಮೀನು ಅನ್ನಿಸುವುದಿಲ್ಲವಂತೆ. ಇದೆಲ್ಲ ಕೇಳಿಕೊಂಡರೂ ನಾನು ಪರದೆಯ ವಿಷಯದಲ್ಲಿ ಒಂದಿಂಚೂ ಹಿಂದೆ ಸರಿಯಲಿಲ್ಲ.

ನನ್ನ ಆ್ಯಪೇ ಹೆಚ್ಚು ನಿಖರವೆಂದು ಸಾಧಿಸಲು ನಾನು ಒಂದು ಪರೀಕ್ಷೆಗೆ ಇಳಿದೆ. ಕಚೇರಿಯ ಗೆಳೆಯನ ಗಡಿಯಾರವನ್ನು ಕೇಳಿ ತಂದು ಬಲಗೈಗೆ, ನನ್ನದನ್ನು ಎಡಗೈಗೆ ಕಟ್ಟಿ, ಎರಡು ಆ್ಯಪಿಗೂ ಒಂದೇ ಓಟ ತಿನ್ನಿಸಿ ನೋಡುವುದು. ಎರಡು ಕೈಗೂ ಗಡಿಯಾರ ಕಟ್ಟಿಕೊಂಡು ಎರ್ಮಾಳಿನ ಕಡೆ ಓಡುತ್ತಿದ್ದೆ. ಪಕ್ಕದಲ್ಲಿ ಒಂದು ಹಳೆಯ ಕಾರು ನಿಂತಿತು. ಬೆಳ್ಮಣ್ಣಿನ ಜಯಕರ ಭಾವ, ಶಶಿಕಲಾಳ ಅಣ್ಣ. ಉಡುಪಿಯಿಂದ ಮನೆಗೆ ಹೊರಟಿದ್ದರು.

"ಹತ್ತಿ ಭಾವ."

"ಇಲ್ಲ ಭಾವ, ನಾನು ಓಡುತ್ತಾ ಇದ್ದೇನೆ."

"ಅದು ಕಂಡೇ ನಿಲ್ಲಿಸಿದ್ದು. ಎಲ್ಲಿಗೆ?"

"ಎರ್ಮಾಳಿಗೆ."

"ಎರ್ಮಾಳಿನಲ್ಲಿ ಎಂತ ಉಂಟು?"

"ಎಂತ ಇಲ್ಲ. ಹೋಗಿ ಮುಟ್ಟಿ ವಾಪಸು ಬರುವುದು."

ಭಾವ ಸ್ವಲ್ಪ ಯೋಚಿಸಿದರು. "ಹಾಗಾದರೆ ಹತ್ತಿ. ಮುಟ್ಟಿಸಿ ವಾಪಸು ಮನೆಗೆ ಬಿಟ್ಟು ಹೋಗುತ್ತೇನೆ."

ನಮ್ಮ ಕಡೆ ದಾರಿಯಲ್ಲಿ ಪರಿಚಯದವರು ವಾಹನ ನಿಲ್ಲಿಸಿ ಹತ್ತಿ ಎಂದರೆ ಹತ್ತಬೇಕು. ಅದು ಸಹಾಯವಲ್ಲ, ಮರ್ಯಾದೆ. ಹತ್ತದಿದ್ದರೆ ಎರಡು ಮನೆಗಳ ನಡುವೆ ಏನೋ ಆಗಿದೆ ಎಂದೇ ಅರ್ಥ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಎರಡು ಕೈಯಲ್ಲೂ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ಪರೀಕ್ಷೆ ಅರ್ಧ ಮುಗಿದಿತ್ತು. "ಬೇಡ ಭಾವ, ಇನ್ನೊಮ್ಮೆ" ಎಂದು ಹೇಳಿ ಓಡಿಬಿಟ್ಟೆ. ಕಾರು ಸ್ವಲ್ಪ ದೂರ ನನ್ನ ಪಕ್ಕದಲ್ಲೇ ಬಂದು, ಆಮೇಲೆ ಬಹಳ ಗಂಭೀರವಾಗಿ ಮುಂದೆ ಹೋಯಿತು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬೆಳ್ಮಣ್ಣಿನಿಂದ ಅತ್ತಿಗೆ ಫೋನು ಮಾಡಿ, "ನಮ್ಮ ಕಾರು ಹಳೆಯದಾಯಿತು ಅಂತ ನಿಮ್ಮವರಿಗೆ ಹತ್ತಲು ನಾಚಿಕೆಯಾ?" ಎಂದು ಕೇಳಿದ್ದರಂತೆ. ಶಶಿಕಲಾ ಬಾಗಿಲಲ್ಲೇ ನಿಂತಿದ್ದಳು. ಗೆರೆ, ಪರದೆ, ನಿಖರತೆ, ಎಲ್ಲವನ್ನೂ ನಾನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ಅದೇ ಅಪಾಯದ ಲಕ್ಷಣ. "ಇನ್ನು ಅಣ್ಣ ಎಲ್ಲಿ ಸಿಕ್ಕಿ ಹತ್ತು ಅಂದರೂ ಹತ್ತಬೇಕು. ಓಡುತ್ತಿದ್ದರೂ ಹತ್ತಬೇಕು, ಹಾರುತ್ತಿದ್ದರೂ ಹತ್ತಬೇಕು" ಎಂದಳು. ನಾನು ತಲೆಯಲ್ಲಾಡಿಸಿದೆ. ಅಷ್ಟಾದ ಮೇಲೂ ನನ್ನ ಚಹಾ ತಣ್ಣಗಾಗಿಯೇ ಬರುತ್ತಿತ್ತು.

ಜಾಲತಾಣ ಮುಚ್ಚುವ ವಾರ ಬಂತು. ನಮ್ಮ ಜಗಳ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಹಮೀದನ ಮಗಳಿಗೆ ನಿಟ್ಟೆಯಲ್ಲಿ ಸೀಟು ಸಿಕ್ಕಿ, ಅವಳನ್ನು ಹಾಸ್ಟೆಲಿಗೆ ಸೇರಿಸಲು ಅವನೇ ಬಂದಿಳಿದ. "ಫೋನಿನಲ್ಲಿ ಬೈದದ್ದು ಸಾಕು. ಭಾನುವಾರ ನಿಟ್ಟೆಗೆ ಬಾ. ಕಾಲೇಜಿನ ಗೇಟಿನಿಂದ ಬೆಳ್ಮಣ್ ಬಸ್ ನಿಲ್ದಾಣದವರೆಗೆ ಓಡುವ. ಗೆದ್ದವನು ಹೇಳಿದ ಆ್ಯಪಿಗೆ ಸೋತವನು ಸೇರಬೇಕು" ಎಂದ. ಎದುರೆದುರು ಓಟ! ಕುವೈತಿನ ತಡವಾದ ಸೂರ್ಯ ಇನ್ನು ಅವನ ಸಹಾಯಕ್ಕೆ ಬರುವಂತಿಲ್ಲ. ನನಗೆ ಶನಿವಾರವಿಡೀ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹಾಸ್ಟೆಲಿನ ಹುಡುಗಿಯರೆಲ್ಲ ನೋಡುತ್ತಿರುವಂತೆ ನಾವು ಗೇಟಿನಿಂದ ಹೊರಟೆವು. ಹಮೀದನ ಮಗಳು ನಮ್ಮ ಪರಿಚಯವೇ ಇಲ್ಲದವಳ ಹಾಗೆ ನಿಂತಿದ್ದಳು. ಮೊದಲ ಏರಿನಲ್ಲಿ ನಾನು ಮುಂದಿದ್ದೆ, ಇಳಿಜಾರಿನಲ್ಲಿ ಅವನು ಮುಂದೆ ಹೋದ, ಆಮೇಲೆ ಇಬ್ಬರೂ ಸಮಸಮವಾದೆವು. ಸಮಸಮವಾದ ಕೂಡಲೇ ಅವನು ಮಾತಿಗೆ ಶುರು ಮಾಡಿದ. ಓಡುವಾಗ ಮಾತಾಡಬಾರದು ಎಂದು ಎಲ್ಲ ಆ್ಯಪುಗಳೂ ಹೇಳುತ್ತವೆ. ಅವನು ಯಾವುದರ ಮಾತನ್ನೂ ಕೇಳುವವನಲ್ಲ. "ಗೊತ್ತುಂಟಾ ನಿನಗೆ, ಅಲ್ಲಿ ಶುಕ್ರವಾರ ಬೆಳಗ್ಗೆ ನನಗೆ ಏಳಲಿಕ್ಕೇ ಮನಸ್ಸಿಲ್ಲ" ಎಂದ ಏದುಸಿರಿನ ನಡುವೆ. "ರೂಮಿನಲ್ಲಿ ಎಲ್ಲರೂ ಮಲಗಿರುತ್ತಾರೆ. ಫೋನು ನೋಡಿದರೆ ನೀನು ಎರ್ಮಾಳಿಗೆ ಹೋಗಿ ಬಂದ ಗೆರೆ ಕಾಣುತ್ತದೆ. ನಮ್ಮೂರಿನ ರಸ್ತೆ ಅಲ್ವಾ ಅದು. ಅದನ್ನು ನೋಡಿದ ಮೇಲೆ ಏಳುತ್ತೇನೆ. ನೀನು ಅದಕ್ಕೆ ಪರದೆ ಹಾಕುವ ಅಂತೀಯಲ್ಲ ಮಾರಾಯ!"

ಇಷ್ಟು ವರ್ಷ ಅವನು ನನ್ನ ಲೆಕ್ಕ ಕದ್ದು ನೋಡುತ್ತಿದ್ದಾನೆಂದು ನಾನು ತಿಳಿದಿದ್ದೆ, ಅವನು ರಸ್ತೆ ನೋಡುತ್ತಿದ್ದ. ಪರದೆ ಬೇಡ, ನಿನ್ನ ಜಾತ್ರೆಗೇ ಸೇರುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿ ಕಾರು ನಿಂತಿತು.

ಕಾರ್ಕಳದಿಂದ ದನಗಳ ಹಿಂಡಿಯ ಮೂಟೆ ಹಾಕಿಕೊಂಡು ಬರುತ್ತಿದ್ದ ಜಯಕರ ಭಾವ ಕಿಟಕಿಯಿಂದ ನನ್ನನ್ನೇ ನೋಡಿದರು. ಹತ್ತಿ ಎಂದು ಹೇಳಲೂ ಇಲ್ಲ, ಸುಮ್ಮನೆ ನೋಡಿದರು. ನನ್ನ ಕಾಲು ತಾನಾಗಿ ನಿಂತಿತು.

"ಹತ್ತು, ಹತ್ತು" ಎಂದ ಹಮೀದ ಹಲ್ಲು ಕಿರಿಯುತ್ತ. "ನಾನು ಓಡಿ ಗೆಲ್ಲುತ್ತೇನೆ."

"ಇವರು ಯಾರು?" ಎಂದರು ಭಾವ. ಹೇಳಿದೆ. ಭಾವನ ಮುಖ ಅರಳಿತು. "ಕಾಪುವಿನ ಬಟ್ಟೆ ಅಂಗಡಿಯವರ ಮಗನಾ? ನಮ್ಮ ಮದುವೆಯ ಬಟ್ಟೆ ಪೂರ್ತಿ ನಿಮ್ಮ ಅಂಗಡಿಯದ್ದು ಮಾರಾಯ್ರೇ! ನಿಮ್ಮ ತಂದೆ ನಮ್ಮ ಚಪ್ಪರದಲ್ಲಿ ಕೂತು ಪಾಯಸ ಕುಡಿದವರು. ನೀವು ಈ ಬಿಸಿಲಲ್ಲಿ ನಡೆದು ಹೋಗುವುದಾ? ಹತ್ತಿ!"

ಹಮೀದ ಕುವೈತಿನಲ್ಲಿ ಎಷ್ಟು ವರ್ಷ ಇದ್ದರೇನು, ಕಾಪುವಿನವನು. ತಂದೆಯ ಹೆಸರು ಬಂದ ಮೇಲೆ ಅವನಿಗೂ ಬೇರೆ ದಾರಿ ಇರಲಿಲ್ಲ. ಮುಂದಿನ ಸೀಟಿನಲ್ಲಿ ಮೂಟೆ ಕುಳಿತಿತ್ತು. ನಾನು ಹಿಂದಿನ ಬಾಗಿಲು ತೆರೆದು ಹಿಡಿದು, "ನೀನು ಅತಿಥಿ, ಮೊದಲು ನೀನು" ಎಂದೆ. ಅವನು ಹತ್ತಿ ಆಚೆ ಬದಿಗೆ ಸರಿದ. ನಾನು ಈಚೆ ಕುಳಿತೆ. ಇಬ್ಬರೂ ಗಡಿಯಾರ ನಿಲ್ಲಿಸಲಿಲ್ಲ. ನಿಲ್ಲಿಸಿದವನು ಸೋತ ಹಾಗಲ್ಲವೇ? ಭಾವ ಖುಷಿಯಲ್ಲಿ ಕಾರು ಬಿಟ್ಟ ರಭಸಕ್ಕೆ ಇಬ್ಬರ ಕೈಗಳಲ್ಲೂ ಗಡಿಯಾರಗಳು ನಮ್ಮ ಜೀವಮಾನದ ಶ್ರೇಷ್ಠ ಸಾಧನೆಗೆ ಅಭಿನಂದನೆ ಹೇಳುತ್ತ ಗುರ್ರೆನ್ನತೊಡಗಿದವು. ಬೆಳ್ಮಣ್ ಬಸ್ ನಿಲ್ದಾಣ ಬಂತು, ಹೋಯಿತು. ಭಾವ ನಿಲ್ಲಿಸಲಿಲ್ಲ. ಊಟ ಮಾಡದೆ ಯಾರನ್ನೂ ಇಳಿಸುವ ಉದ್ದೇಶ ಅವರಿಗಿರಲಿಲ್ಲ. "ಹಾಗಾದರೆ ಓಟ ಮುಗಿಯುವುದು ಭಾವನ ಅಂಗಳದಲ್ಲಿ" ಎಂದೆ ನಾನು. "ಯಾರ ಕಾಲು ಮೊದಲು ನೆಲ ಮುಟ್ಟುತ್ತದೋ ಅವನು ಗೆದ್ದ." ಹಮೀದ ತನ್ನ ಬದಿಯ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು, "ಆಯ್ತು" ಎಂದ. ಅವನ ಕಣ್ಣಿನಲ್ಲಿ ಶಾಲೆಯ ಓಟದ ಹಳೆಯ ಹೊಳಪು ಇತ್ತು.

ಕಾರು ಅಂಗಳದಲ್ಲಿ ನಿಂತಿತು. ನಾನು ಬಾಗಿಲು ತೆರೆದು ಕಾಲಿಟ್ಟೆ, ಗಡಿಯಾರದ ಗುಂಡಿ ಒತ್ತಿದೆ. ಗೆದ್ದೆ! ಜೀವನದಲ್ಲಿ ಮೊದಲ ಬಾರಿಗೆ ಹಮೀದನನ್ನು ಗೆದ್ದೆ! ಹಿಂದೆ ಅವನು ಹಿಡಿಯನ್ನು ಎಳೆದ, ಜಗ್ಗಿದ, ಬಾಗಿಲಿಗೆ ಹೆಗಲು ಕೊಟ್ಟು ತಳ್ಳಿದ. ಭಾವ ನಿಧಾನವಾಗಿ ಇಳಿದು, ಪಂಚೆ ಸರಿಮಾಡಿ, ಸುತ್ತು ಬಂದು ಹೊರಗಿನಿಂದ ಬಾಗಿಲು ತೆರೆದರು. "ಅದು ಒಳಗಿನಿಂದ ತೆರೆಯುವುದಿಲ್ಲ. ಹಾಳಾಗಿ ವರ್ಷಗಳಾಯಿತು" ಎಂದರು. ಅತ್ತಿಗೆ ನಗುತ್ತ ಹೊರಗೆ ಬಂದರು. ನಾನು ಕಾರು ಹತ್ತಿದ್ದೇನೆಂಬ ಸುದ್ದಿ ಆಗಲೇ ಕಾಪುವಿಗೆ ಹೋಯಿತು. ಅಂದಿನಿಂದ ನನ್ನ ಚಹಾ ಬಿಸಿಯಾಗಿದೆ.

ಜಾಲತಾಣ ಹೇಳಿದ ದಿನಕ್ಕೆ ಮುಚ್ಚಿತು. ನಾನು ದೊಡ್ಡ ಮನಸ್ಸು ಮಾಡಿ, ಪರದೆ ಬೇಡ, ನಿನ್ನ ಜಾತ್ರೆಗೇ ಸೇರೋಣ ಎಂದೆ. ಹಮೀದ ಅದನ್ನೂ ಒಪ್ಪಲಿಲ್ಲ. "ದಾನ ಬೇಡ ನನಗೆ. ಆ ಓಟ ಲೆಕ್ಕಕ್ಕಿಲ್ಲ, ಬಾಗಿಲಿನದ್ದು ತೀರ್ಮಾನ ಆಗದೆ ನಾನು ಯಾವುದಕ್ಕೂ ಸೇರುವವನಲ್ಲ" ಎಂದು ಕುವೈತಿಗೆ ಹೊರಟುಹೋದ. ಹಾಗಾಗಿ ಈಗ ಯಾವ ಆ್ಯಪೂ ಇಲ್ಲ. ಶುಕ್ರವಾರ ನಾನು ಓಡಿ ಬಂದು ರಸ್ತೆಯ ಒಂದು ಫೋಟೋ ಕಳಿಸುತ್ತೇನೆ. ಅವನು ಎದ್ದು, ಓಡಿ, ಹೆಬ್ಬೆರಳು ಕಳಿಸುವ ಬದಲು ಫೋನೇ ಮಾಡಿ, ಬಾಗಿಲಿನಿಂದ ಶುರು ಮಾಡಿ ಬೈಯುತ್ತಾನೆ. ಮುಂದಿನ ರಜೆಯಲ್ಲಿ ಬಂದಾಗ ರಿಕ್ಷಾದಲ್ಲಿ ಓಡುವ, ಅದಕ್ಕೆ ಬಾಗಿಲೇ ಇಲ್ಲ ಎನ್ನುತ್ತಾನೆ. ನನ್ನ ಬಸ್ಸು ಮಣಿಪಾಲ ಮುಟ್ಟಿದರೂ ಮಾತು ಮುಗಿಯುವುದಿಲ್ಲ. ಇಷ್ಟೆಲ್ಲ ಬೈದರೂ ಅವನು ಒಂದು ಪ್ರಶ್ನೆಯನ್ನು ಮಾತ್ರ ಈವರೆಗೆ ಕೇಳಿಲ್ಲ: ಹೆಂಡತಿಯ ಅಣ್ಣನ ಕಾರಿನಲ್ಲಿ ಇಷ್ಟು ವರ್ಷ ಓಡಾಡಿದ ನನಗೆ ಆ ಬಾಗಿಲಿನ ವಿಷಯ ಗೊತ್ತಿರಲಿಲ್ಲವೇ ಎಂದು. ಕೇಳಿದ ದಿನ ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಫೋನು ಇಡಬೇಕೆಂದಿದ್ದೇನೆ.